ಕಣದ ಪಕ್ಕ ಇಳಿದ ಹೆಲಿಕಾಪ್ಟರ್

ಮೋಟೆಬೆನ್ನೂರಿನ ಹೊಲದಲ್ಲಿ ಹೆಲಿಕಾಪ್ಟರ್ ಇಳಿಯತೊಡಗಿದ್ದೇ ತಡ, ಪಕ್ಕದ ಕಣದಲ್ಲಿ ಮೆಣಸಿನಕಾಯಿ ಒಣಹಾಕಿದ್ದ ಅಜ್ಜಿ ಓಡಿಹೋಗಿ ಬದಿಗಿದ್ದ ತಾಡಪತ್ರಿಯ ಮೇಲೆ ಬೋರಲು ಬಿದ್ದುಕೊಂಡಳು. ಗಾಳಿಗೆ ಕಾಯಿಯೆಲ್ಲ ದಿಕ್ಕಾಪಾಲಾಯಿತು.

ವಿದ್ಯುತ್ ತಂತಿಗಳ ತಪಾಸಣೆಗೆ ಎರಡು ಸಣ್ಣ ಹೆಲಿಕಾಪ್ಟರ್‌ಗಳಲ್ಲಿ ಯಾವುದು ಮೇಲೆಂದು ಹೋಲಿಸಿ ನೋಡುವುದು ನನ್ನ ಕೆಲಸ. ಬೆಳಗಿನಿಂದ ಬಿಸಿಲಲ್ಲಿ ನಿಂತು ಸಾಕಾಗಿತ್ತು. ಘಾಟಿಗೆ ಕೆಮ್ಮುತ್ತಲೇ ರೇಗಿದೆ: “ಕಾಯಿ ಮುಚ್ಚೋದು ಬಿಟ್ಟು ತಾಡಪತ್ರಿ ಮ್ಯಾಲೆ ಯಾಕ ಮಲಗಿದಿ ಯವ್ವಾ?”

“ಕಾಯಿ ಹಾರಿದ್ರ ಆರಿಸ್ಕೋಬಹುದಪಾ ತಮ್ಮಾ. ಇದು ಹಾರಿ ಆ ರೆಕ್ಕಿಗೆ ಸುತ್ತಕೊಂಡ್ರ, ಒಳಗಿದ್ದವನ ಗತಿ ಏನು?”

ಸಂಜೆಯವರೆಗೆ ಪೈಲಟ್ಟೂ ನಾನೂ ಅವಳೊಡನೆ ಕಾಯಿ ಆರಿಸಿದೆವು. ಯಾವ ಹೆಲಿಕಾಪ್ಟರ್ ಎಷ್ಟು ಭಾರ ಎತ್ತುತ್ತದೆ, ಎಷ್ಟು ಇಂಧನ ಕುಡಿಯುತ್ತದೆ ಎಂದು ಮರುದಿನ ವರದಿ ಬರೆಯಲು ಕೂತಾಗಲೂ ಬೆರಳು ಉರಿಯುತ್ತಲೇ ಇತ್ತು.