ಹುಂಡುಕೋಳಿಗೆ ಕಟ್ಟಿಸಿದ ಕಲ್ಯಾಣಿ

ತೊಂಬತ್ತರ ದಶಕದಲ್ಲಿ ಶೀಳನೆರೆ ಕಡೆಯ ನಮ್ಮೂರಲ್ಲಿ ನನಗಿದ್ದ ಒಂದೇ ವಿದ್ಯೆ ಅಣಕಿಸುವುದು. ಕೆ.ಆರ್. ಪೇಟೆ ಬಸ್ಸಿನ ಕಂಡಕ್ಟರು, ಡೇರಿಯ ಕಾರ್ಯದರ್ಶಿ, ಗೊರಕೆ ಹೊಡೆಯುವ ನಮ್ಮಪ್ಪ, ಎಲ್ಲರೂ ನನ್ನ ಗಂಟಲಲ್ಲೇ ವಾಸವಿದ್ದರು. ಹುಡುಗಿಯರ ಮುಂದೆ ನಿಂತಾಗ ಮಾತ್ರ ನನ್ನ ಸ್ವಂತ ದನಿ ಹೊರಡುತ್ತಿತ್ತು, ಅದು ಕೇಳುವಂತಿರಲಿಲ್ಲ.

ಊರ ಹಿಂದೆ ಒಂದು ಜೌಗು. ನಾಲೆಯ ಬಸಿನೀರು ನಿಂತು ಆಳೆತ್ತರ ಜೊಂಡು ಬೆಳೆದಿತ್ತು. ಅದನ್ನು ಕೊಯ್ದು ನಮ್ಮ ದೊಡ್ಡಮ್ಮ ಚಾಪೆ ನೇಯುತ್ತಿದ್ದಳು. ಕೊಯ್ಯುವ ಹೆಂಗಸರಲ್ಲಿ ಒಂದು ಕಟ್ಟಳೆಯಿತ್ತು: ನಡುವಿನ ಪೊದೆಗೆ ಕುಡುಗೋಲು ತಾಗಿಸಬಾರದು, ಅದು ಹುಂಡುಕೋಳಿಯ ಬಾಣಂತಿ ಕೋಣೆ. ಎದೆ ಬಿಳಿ, ಬೆನ್ನು ಕಪ್ಪು, ಮೋಟು ಬಾಲ ಕುಣಿಸುತ್ತ ಓಡುವ ಹಕ್ಕಿ. ನಾನು ದಡದಲ್ಲಿ ಕೂತು ‘ಕುವಾಕ್ ಕುವಾಕ್’ ಎಂದರೆ ಒಳಗಿಂದ ಜಗಳಕ್ಕೆ ಬಂದಂತೆ ಉತ್ತರ ಬರುತ್ತಿತ್ತು.

ಆ ಜೌಗು ಮುಚ್ಚಿ ಸೈಟು ಮಾಡಲು ಒಬ್ಬ ಗುತ್ತಿಗೆದಾರ ಹೊರಟ. ಮೈಸೂರಿನಿಂದ ಹಕ್ಕಿ ನೋಡಲು ಬರುತ್ತಿದ್ದವರು ತಕರಾರು ತೆಗೆದರು. ಆಗ ತಾಲ್ಲೂಕು ಕಚೇರಿಯ ಸಾಹೇಬರೊಬ್ಬರು ತೀರ್ಮಾನ ಹೇಳಿದರು: ಬೇರೆ ಕಡೆ ಹಕ್ಕಿಗೊಂದು ಕೊಳ ಮಾಡಿಕೊಡು, ಅವು ಬಂದು ಸೇರಿದ್ದನ್ನು ನಾನು ಕಂಡಮೇಲೆ ಇದನ್ನು ಮುಚ್ಚು. ಹಕ್ಕಿಗಳೇನು ವರ್ಗವಾದ ಮೇಷ್ಟರೇ, ಟ್ರಂಕು ಹೊತ್ತು ಹೊಸ ಊರಿಗೆ ಹೋಗಲು?

ಗುತ್ತಿಗೆದಾರ ಸಂತೆಬಾಚಹಳ್ಳಿ ಕಡೆ ಒಂದು ಕಲ್ಲುಗುಡ್ಡದ ಬುಡದಲ್ಲಿ ಕೊಳ ತೋಡಿಸಿದ. ನಮ್ಮ ಸೀಮೆಯವರಿಗೆ ಒಳ್ಳೆಯ ಕೊಳವೆಂದರೆ ಮೇಲುಕೋಟೆಯ ಕಲ್ಯಾಣಿಯೇ. ಅವನೂ ಸುತ್ತ ಚಪ್ಪಡಿ ಮೆಟ್ಟಿಲು ಕಟ್ಟಿಸಿ, ಒಂದೆಳೆ ಹುಲ್ಲೂ ಹುಟ್ಟದಂತೆ ಸಿಮೆಂಟು ಬಳಿಸಿ, ಟ್ಯಾಂಕರಿನಲ್ಲಿ ನೀರು ತುಂಬಿಸಿದ. ಹುಂಡುಕೋಳಿ ಅಲ್ಲಿಗೆ ಬಂದು ಸಂಧ್ಯಾವಂದನೆ ಮಾಡಬೇಕಿತ್ತೇನೋ.

ಮಳೆಗಾಲ ಕಳೆದರೂ ಕಾಗೆ ಬಿಟ್ಟು ಇನ್ನೇನೂ ಬರಲಿಲ್ಲ. ಸಾಹೇಬರು ನೋಡಲು ಬರುವ ಹಿಂದಿನ ದಿನ ಗುತ್ತಿಗೆದಾರ ನಮ್ಮ ಮನೆಗೆ ಬಂದ.

“ಲೇ, ನಾಳೆ ಬಂಡೆ ಇಂದೆ ಕುಂತ್ಕಂಡು ಆ ಕೋಳಿ ಥರ ಕೂಗ್ಬುಡ್ಲಾ. ಸಾಯೇಬ್ರು ಕಾರಿಂದ ಇಳಿಯೋರಲ್ಲ, ಕಿವಿಗೆ ಕೇಳುದ್ರೆ ಸಾಕು.”

ದೊಡ್ಡಮ್ಮ ಚಾಪೆಯಿಂದ ತಲೆಯೆತ್ತಲಿಲ್ಲ. “ಓಗ್ಲಾ, ಚೆನ್ನಾಗೇ ಕೂಗು. ಅಲ್ಲಿ ನಿಂಗೆ ಉತ್ತರ ಕೊಡಾಕೆ ಯಾರವ್ರೆ?”

ಹೋದೆ. ಕಾರು ಬಂದು ನಿಂತಿತು, ಗುತ್ತಿಗೆದಾರ ಅದರ ಪಕ್ಕಕ್ಕೆ ಓಡಿ ಕೈಮುಗಿದ. ಬಂಡೆಯ ಹಿಂದಿನಿಂದ ನಾನು ಹಕ್ಕಿಯ ದನಿ ತೆಗೆಯಲಿಲ್ಲ, ಗುತ್ತಿಗೆದಾರನದೇ ದನಿ ತೆಗೆದೆ: “ಸಾರ್, ಕೋಳಿ ಒಂದೂ ಬಂದಿಲ್ಲ ಕಣ್ ಸಾರ್. ಬಾಯಲ್ಲೇ ಕೂಗ್ಸವ ಅಂತ ಒಬ್ಬುನ್ನ ಕೂರ್ಸಿವ್ನಿ.”

ಗುತ್ತಿಗೆದಾರನ ಮುಖ ಸುಣ್ಣವಾಯಿತು. ಈಗ ಗೆದ್ದೆವು ಅಂದುಕೊಂಡು ನಾನು ಎದ್ದು ನಿಂತೆ. ಕಾರಿನಿಂದಿಳಿದ ಸಾಹೇಬರು ಹೊಟ್ಟೆ ಹಿಡಿದು ನಗುತ್ತಿದ್ದರು. ಬೆನ್ನು ತಟ್ಟಿ, “ಭಾರಿ ಇದ್ದೀಯ ಕಣಯ್ಯಾ. ಎಲ್ಲಿ, ಆ ಹಕ್ಕೀದೂ ಒಂದು ಮಾಡು” ಎಂದರು. ಗುತ್ತಿಗೆದಾರನೂ ಧೈರ್ಯ ತಂದುಕೊಂಡು ನಕ್ಕ. ನಾನು ಮಾಡಲಿಲ್ಲ. ಅದರಿಂದ ಏನು ನಿಂತಿತು? ನೀರಂತೂ ಇದೆಯಲ್ಲ, ಇವತ್ತಲ್ಲ ನಾಳೆ ಬರುತ್ತವೆ ಎಂದು ಒಪ್ಪಿಗೆ ಕೊಟ್ಟು ಸಾಹೇಬರು ಹೊರಟೇಹೋದರು.

ಟ್ರಾಕ್ಟರುಗಳು ಮೊದಲು ಮಣ್ಣು ಸುರಿದದ್ದೇ ಆ ನಡುವಿನ ಪೊದೆಯ ಮೇಲೆ. ದೊಡ್ಡಮ್ಮ ಸೂರಿಗೆ ಸಿಕ್ಕಿಸಿದ ಕುಡುಗೋಲು ಮತ್ತೆ ಕೆಳಗಿಳಿಯಲಿಲ್ಲ. ಹಕ್ಕಿಗೆ ಬೇರೆ ಜಾಗ ಮಾಡಿಕೊಟ್ಟೆವು ಎಂದು ಯಾರಾದರೂ ಹೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ.

ಮನೆಗಳೆದ್ದ ಮೇಲೆ ಒಮ್ಮೆ ಅಲ್ಲಿ ನಿಂತು, ತಡೆಯಲಾರದೆ ‘ಕುವಾಕ್’ ಎಂದೆ. ಕಿಟಕಿಯೊಂದು ತೆರೆಯಿತು.

“ಕೋಳಿ ಎಂಗ್ ಕೊಡ್ತೀಯಪ್ಪಾ?”