ಅರ್ಧಕ್ಕೆ ನಿಂತ ಬೈಗುಳ

ಶನಿವಾರ ಬೆಳಗ್ಗೆ ಹುಳುಮನೆ ಬಾಗಿಲು ತೆಗೆದೆ. ರೇಷ್ಮೆಹುಳುಗಳೆಲ್ಲ ತಲೆ ಎತ್ತಿ ಒದ್ದಾಡುತ್ತಾ ಹಸಿರು ನೀರು ಕಕ್ಕುತ್ತಿದ್ದವು! ಇನ್ನೆರಡು ದಿನ ಸೊಪ್ಪು ತಿಂದಿದ್ದರೆ ಹಣ್ಣಾಗಿ ಗೂಡು ಕಟ್ಟುತ್ತಿದ್ದವು.

ಸೊಪ್ಪಿಗೆ ವಿಷ ತಾಗಿದೆ. ನೋಡಿದ ಕೂಡಲೇ ಗೊತ್ತಾಯಿತು. ಪಕ್ಕದ ತೋಟದ ಮುನಿರಾಜು ಹಿಂದಿನ ದಿನ ದ್ರಾಕ್ಷಿಗೆ ಔಷಧಿ ಹೊಡೆದಿದ್ದ. ಗಾಳಿ ನಮ್ಮ ಕಡೆಗಿತ್ತು. ಒಂದು ಮಾತು ಹೇಳಿದ್ದರೆ ಆ ಸಾಲಿನ ಸೊಪ್ಪು ಕೊಯ್ಯುತ್ತಲೇ ಇರಲಿಲ್ಲ.

ದಿಬ್ಬೂರಹಳ್ಳಿ ಸುತ್ತಮುತ್ತ ನನ್ನ ಬಾಯಿ ಗೊತ್ತಿಲ್ಲದವರಿಲ್ಲ. ಒಮ್ಮೆ ಕೋಳಿ ಕದ್ದವರಿಗೆ ಬೀದಿಯಲ್ಲಿ ನಿಂತು ಮೂರು ದಿನ ಮಣ್ಣು ತೂರಿ ಶಾಪ ಹಾಕಿದ್ದೆ. (ಕೋಳಿ ಆಮೇಲೆ ಹಿತ್ತಿಲಲ್ಲೇ ಸಿಕ್ಕಿತು. ಅದು ಬಿಡಿ.) ಆಗಲೇ ನನಗೆ ದೀಕ್ಷಾಸ್ನಾನವಾಗಿ ನಾಲ್ಕು ವರ್ಷ!

ಇನ್ನೊಂದು ಸಂಗತಿ ಹೇಳಬೇಕು. ಅದೇ ವಾರ ಬುಧವಾರ, ಹೆಂಗಸರ ಪ್ರಾರ್ಥನಾ ಕೂಟದಲ್ಲಿ ಪಾಸ್ಟರಮ್ಮ ಕೇಳಿದ್ದರು, "ಇವತ್ತೇ ಕಣ್ಣು ಮುಚ್ಚಿದ್ರೂ ಪರಲೋಕ ಗ್ಯಾರಂಟಿ ಅನ್ನೋರು ಕೈ ಎತ್ರಮ್ಮ."

ಎಲ್ಲರ ಕೈ ಮೇಲೆ. ನನ್ನದು ಮಡಿಲಲ್ಲಿ.

ಯೇಸು ನನಗಾಗಿ ಸತ್ತ, ಅದರಲ್ಲಿ ಅನುಮಾನವಿಲ್ಲ. ಅನುಮಾನ ನನ್ನ ಮೇಲೆ. ದಿನಾ ಸೊಪ್ಪು ಕೊಯ್ಯುವಾಗ "ನನ್ನ ಬಾಯಿ ಕಾಯಪ್ಪಾ" ಎಂದು ಬೇಡುತ್ತೇನೆ. ಮಧ್ಯಾಹ್ನದೊಳಗೆ ಸೊಸೆಗೆ ಬೈದಿರುತ್ತೇನೆ. ಮರುದಿನ ಮತ್ತೆ ಬೇಡುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ. ನಾನು ನಿಜವಾಗಿಯೂ ಆತನವಳೇನಾ? ಹಲ್ಲು ಬಿದ್ದ ಮೇಲೆ ಇದು ಸಣ್ಣ ಪ್ರಶ್ನೆಯೇ?

ಸರಿ, ಮುನಿರಾಜು ಮನೆಗೆ ಹೋದೆ. ದಾರಿಯಲ್ಲೇ ಹಿಡಿ ಮಣ್ಣು ಎತ್ತಿಕೊಂಡೆ. ಸೊಸೆ ಸುನೀತ ಹಿಂದೆಯೇ ಓಡಿ ಬಂದಳು. ಅವನು ಒಳಗೆ ಅಡಗಿ ಹೆಂಡತಿಯನ್ನು ಮುಂದಕ್ಕೆ ಬಿಟ್ಟಿದ್ದ.

"ನಿನ್ ಗಂಡನ್ ಕೈ ಸೇದೋಗ..." ಎಂದು ಶುರು ಮಾಡಿದೆ.

ಅಷ್ಟೇ. ಮುಂದಿನದು ಬರಲಿಲ್ಲ! ಬಂದದ್ದೇ ಬೇರೆ: "ನಿನ್ ಮೈದುನಾನೂ ಆ ಕಡೆ ಸೊಪ್ಪೇ ಕೊಯ್ಯೋದಲ್ವೇನೇ? ಹುಳಕ್ಕೆ ಹಾಕ್ಬೇಡ ಅಂತ ಮೊದ್ಲು ಫೋನ್ ಮಾಡೇ!"

ಅವಳು ಗಾಬರಿಯಲ್ಲಿ ಫೋನ್ ಮಾಡಿದಳು. ಮೈದುನ ಇನ್ನೂ ಸೊಪ್ಪು ಹಾಕಿರಲಿಲ್ಲ. ಅವನ ಹುಳು ಉಳಿದವು. "ಪೊರಪಾಟು ಆಯ್ತಕ್ಕಾ, ತಪ್ಪಾಯ್ತು" ಎಂದು ಅತ್ತಳು.

ಸೊಸೆ ನನ್ನ ಹಣೆ ಮುಟ್ಟಿ ನೋಡಿದಳು. "ಅತ್ತೆ, ಇಷ್ಟೇನಾ? ಬೀಪಿ ಏನಾದ್ರೂ ಕಮ್ಮಿ ಆಯ್ತಾ?"

ಒಳಗಿಂದ ಮುನಿರಾಜು, "ಅಕ್ಕಾ, ಬೈದ್ಬುಡು. ನೀನ್ ಹಿಂಗ್ ಸುಮ್ನಿದ್ರೆ ಭಯ ಆಯ್ತದೆ!"

ಹಿಡಿಯಲ್ಲಿದ್ದ ಮಣ್ಣು ಅಲ್ಲೇ ಚೆಲ್ಲಿ, ಮನೆಗೆ ಬಂದು ಸತ್ತ ಹುಳುಗಳನ್ನು ಗುಂಡಿಗೆ ಸುರಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ? ಆದರೂ ಕುಣಿಯುವಷ್ಟು ಖುಷಿ! ಬೇಡಿದ್ದು ವ್ಯರ್ಥವಾಗಿರಲಿಲ್ಲ. ನನಗೇ ತಿಳಿಯದಂತೆ ದೇವರು ಒಳಗೆ ಕೆಲಸ ಮಾಡುತ್ತಲೇ ಇದ್ದ. ನಾನು ಆತನವಳೇ!

ರಕ್ಷಣೆ ಪುಕ್ಕಟೆ, ಒಪ್ಪಿದೆ. ರೇಷ್ಮೆ ಮೊಟ್ಟೆ ಪುಕ್ಕಟೆ ಸಿಕ್ಕಿತೆಂದು ಸೊಪ್ಪು ಹಾಕದೆ ಕುಳಿತರೆ ಗೂಡಾದೀತೇ? ಪ್ರಾರ್ಥನೆ, ತಾಳ್ಮೆ, ಮತ್ತಷ್ಟು ತಾಳ್ಮೆ, ಹೊತ್ತು ಹೊತ್ತಿಗೂ ಹಾಕಬೇಕು. ಬೆಳೆದಷ್ಟೂ ಅನುಮಾನ ಕರಗುತ್ತದೆ. (ಬೈಗುಳದ ಮೊದಲರ್ಧ ಇನ್ನೂ ಉಳಿದಿದೆ. ಅದಕ್ಕೂ ಬೇಡುತ್ತಿದ್ದೇನೆ.)

ನಿಮ್ಮ ರಕ್ಷಣೆ ಗಟ್ಟಿಯೋ ಇಲ್ಲವೋ ಎಂದು ಪಾಸ್ಟರನ್ನು ಕೇಳುವ ಮೊದಲು, ಪಕ್ಕದ ತೋಟದವರನ್ನು ಕೇಳುವ ಧೈರ್ಯ ಇದೆಯೇ?