ಯಗಟಿ ಬಸ್ಸಿನಲ್ಲಿ ಕೇಳಿದ ಉಸಿರು

ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ಬಾಯಲ್ಲಿ ಇಂಥ ಕಥೆಗಳು ಬೇಕಾದಷ್ಟು ಸಿಗುತ್ತವೆ. ಖಾಲಿ ಮಂಚದಿಂದ ಯಾರೋ ಕರೆದರಂತೆ, ಸತ್ತವರು ನೀರು ಕೇಳಿದರಂತೆ. ಜೊತೆಯ ನರ್ಸುಗಳು ಟೀ ಕುಡಿಯುತ್ತಾ ಹೀಗೆಲ್ಲ ಹೇಳತೊಡಗಿದರೆ ನಾನು ಬೇಸರಪಟ್ಟು ಎದ್ದು ಹೋಗುತ್ತಿದ್ದೆ. ಸಾವನ್ನು ದಿನಾ ಹತ್ತಿರದಿಂದ ನೋಡುವ ನಾವು ಅದರ ಮೇಲೆ ಕಥೆಯನ್ನೂ ಕಟ್ಟಬೇಕೇ ಅನ್ನಿಸುತ್ತಿತ್ತು. ಈಗ ನಾನೇ ಒಂದನ್ನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂದು ಒತ್ತಾಯವಿಲ್ಲ. ನನ್ನ ಕಿವಿಗೆ ಬಿದ್ದದ್ದನ್ನು, ಇನ್ನೊಬ್ಬಳು ನನಗೆ ಹೇಳಿದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಅದು ಎಪ್ಪತ್ತರ ದಶಕದ ಕೊನೆ. ನಾನು ತರೀಕೆರೆಯವಳು, ಆಗ ಕಡೂರಿನ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿದ್ದೆ. ಮದುವೆಯಾಗಿರಲಿಲ್ಲ. ತೀರಾ ಸೀರಿಯಸ್ಸಾದ ಮಕ್ಕಳನ್ನು ನಮ್ಮ ಮೇಜಿಗೆ ಹತ್ತಿರದ ಮಂಚಗಳಲ್ಲಿ ಮಲಗಿಸುತ್ತಿದ್ದೆವು. ಈಗಿನ ಹಾಗೆ ಎದೆಬಡಿತ ತೋರಿಸುವ ಯಂತ್ರಗಳು ಅಲ್ಲಿರಲಿಲ್ಲ. ಆಕ್ಸಿಜನ್ ಸಿಲಿಂಡರು, ಡ್ರಿಪ್ಪು, ನಮ್ಮ ಕಣ್ಣು ಕಿವಿ, ಇಷ್ಟೇ. ಬೆನ್ನು ಮಾಡಿ ಕೂತಿದ್ದರೂ ಯಾವ ಮಗುವಿನ ಉಸಿರು ಬದಲಾಯಿತೆಂದು ತಿಳಿಯುತ್ತಿತ್ತು. ನಾನು ಹೆಚ್ಚು ಹೆದರುತ್ತಿದ್ದದ್ದು ಗಂಟಲುಮಾರಿಯ ಉಸಿರಿಗೆ. ಆ ಕಾಯಿಲೆಯಲ್ಲಿ ಗಂಟಲೊಳಗೆ ಬೂದು ಪೊರೆ ಕಟ್ಟಿ ಗಾಳಿಯ ದಾರಿ ಮುಚ್ಚುತ್ತಾ ಬರುತ್ತದೆ. ಒಣಗಿದ ತೆಂಗಿನ ಗರಿಯನ್ನು ನೆಲದ ಮೇಲೆ ಎಳೆದುಕೊಂಡು ಹೋದ ಹಾಗೆ ಸದ್ದು ಮಾಡುತ್ತಾ ಮಗು ಉಸಿರೆಳೆಯುತ್ತದೆ. ಒಮ್ಮೆ ಕೇಳಿದರೆ ಮರೆಯುವಂಥದ್ದಲ್ಲ.

ಆ ಬೇಸಿಗೆಯಲ್ಲಿ ಪಂಚನಹಳ್ಳಿ ಕಡೆಯಿಂದ ಕೆಂಪು ಲಂಗ ತೊಟ್ಟ ಪಾರ್ವತಿ ಎಂಬ ಪುಟ್ಟ ಹುಡುಗಿಯನ್ನು ಗಂಟಲುಮಾರಿಯೆಂದು ತಂದು ಸೇರಿಸಿದರು. ತಾಯಿ ಬಾಣಂತಿಯಾದ್ದರಿಂದ ಅಜ್ಜಿ ಜೊತೆಗಿದ್ದಳು. ಕಾಯಿಲೆ ಬಹಳ ಮುಂದುವರಿದಿತ್ತು. ಕಾಯಿಲೆಯ ವಿಷ ಇಳಿಸುವ ಸೀರಂ ಕೊಟ್ಟೆವು, ಡಾಕ್ಟರು ಪಕ್ಕ ಬಿಟ್ಟು ಕದಲಲಿಲ್ಲ. ಮಲಗಿಸಿದರೆ ಉಸಿರು ಕಟ್ಟುತ್ತಿತ್ತೆಂದು ನಾನು ಅವಳನ್ನು ತೊಡೆಯ ಮೇಲೆ ಒರಗಿಸಿಕೊಂಡೇ ಕೂತಿದ್ದೆ. ಎದ್ದರೆ ಸೆರಗು ಹಿಡಿದು ಎಳೆಯುತ್ತಿದ್ದಳು. ಮರುದಿನ ಮಧ್ಯಾಹ್ನ ಹಾಗೆಯೇ ಹೋಗಿಬಿಟ್ಟಳು.

ಅಜ್ಜಿ ಅಳಲಿಲ್ಲ. "ನಿನ್ ತೊಡೆ ಮ್ಯಾಲೇ ಹೋಯ್ತಲ್ಲವ್ವ" ಎಂದಷ್ಟೇ ಹೇಳಿ ಮಗುವನ್ನು ಎತ್ತಿಕೊಂಡಳು.

ಆ ಸಂಜೆ ನಾನು ಹಾಲಿನ ಬಾಟಲಿಗಳನ್ನು ಕುದಿಯಲಿಟ್ಟು, ನೀರೆಲ್ಲ ಇಂಗಿ ಪಾತ್ರೆ ಸೀದರೂ ನೋಡುತ್ತಾ ನಿಂತಿದ್ದೆನಂತೆ. ಹಿರಿಯ ಸಿಸ್ಟರ್ ಬಂದು ಸ್ಟೌ ಆರಿಸಿದರು. "ಯಗಟೀಲಿ ನಿಮ್ಮಕ್ಕ ಇದಾಳಲ್ಲ, ಹೋಗಿ ಎರಡು ದಿನ ಇದ್ದು ಬಾ. ಇಲ್ಲಿ ನಾನು ನೋಡ್ಕೋತೀನಿ" ಎಂದರು.

ಮರುದಿನ ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಯಗಟಿ ಬಸ್ಸು ಹತ್ತಿದೆ. ಸುಡುಬಿಸಿಲು, ಅರ್ಧ ಬಸ್ಸು ಖಾಲಿ. ನಾನು ಕಿಟಕಿಯ ಪಕ್ಕ ಕೂತೆ. ಅದೇ ಸೀಟಿನ ಆ ಕೊನೆಯಲ್ಲಿ ಹಳ್ಳಿಯ ಹೆಂಗಸೊಬ್ಬಳು ಎರಡು ಮೂರು ವರ್ಷದ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಬಸ್ಸು ಊರು ದಾಟಿದ ಮೇಲೆ ನನಗೆ ಆ ಉಸಿರು ಕೇಳಿಸಿತು.

ಎಂಜಿನ್ನಿನ ಸದ್ದಿರಬೇಕೆಂದುಕೊಂಡೆ. ದಾರಿಯಲ್ಲಿ ಕುರಿಮಂದೆ ಅಡ್ಡ ಬಂದು ಡ್ರೈವರು ಎಂಜಿನ್ ನಿಲ್ಲಿಸಿದ. ಉಸಿರು ನಿಲ್ಲಲಿಲ್ಲ. ಎಳೆಯುವುದು, ಕಟ್ಟುವುದು, ಮತ್ತೆ ಎಳೆಯುವುದು. ತೀರಾ ಹತ್ತಿರದಲ್ಲಿ. ಹುಡುಗನ ಕಡೆ ಬಗ್ಗಿ ನೋಡಿದೆ. ಬಾಯಿ ಮುಚ್ಚಿ ಹಾಯಾಗಿ ನಿದ್ದೆ ಮಾಡುತ್ತಿದ್ದ. ಹಣೆ ಮುಟ್ಟಿದೆ, ಜ್ವರವಿರಲಿಲ್ಲ. ಕತ್ತಿನ ಹತ್ತಿರ ಕಿವಿಯಿಟ್ಟೆ. ಅವನ ಉಸಿರು ಸರಾಗವಾಗಿತ್ತು. ಆ ಇನ್ನೊಂದು ಉಸಿರೂ ಕೇಳುತ್ತಲೇ ಇತ್ತು.

"ಯಾಕಕ್ಕ, ನನ್ ಮಗ ಚೆನ್ನಾಗವ್ನೆ" ಎಂದಳು ಅವಳು.

"ನಾನು ಕಡೂರು ಆಸ್ಪತ್ರೇಲಿ ನರ್ಸು. ಇವನಿಗೆ ಜ್ವರ, ಗಂಟಲುನೋವು ಏನೇ ಬಂದ್ರೂ ಒಂದು ದಿನ ಕಾಯ್ಬೇಡ, ಸೀದಾ ಕರ್ಕೊಂಡು ಬಾ" ಎಂದೆ. ಯಾಕೆ ಹಾಗೆಂದೆನೋ ನನಗೇ ಗೊತ್ತಿಲ್ಲ.

ಅವಳು ನನ್ನ ಮುಖ ನೋಡಿ, ಆಮೇಲೆ ನನ್ನ ಮಡಿಲು ನೋಡಿದಳು. ಮಗನನ್ನು ಹೆಗಲಿಗೆ ಹಾಕಿಕೊಂಡು ಹಿಂದಿನ ಸೀಟಿಗೆ ಹೋಗಿ ಕೂತಳು. ಮಧ್ಯದಲ್ಲೆಲ್ಲೋ ಇಳಿದುಹೋದಳು. ಅವಳು ಇಳಿದ ಮೇಲೆ ಉಸಿರೂ ಕೇಳಿಸಲಿಲ್ಲ.

ನಾನು ಕಡೂರಿಗೆ ಮರಳಿದ ಕೆಲವು ದಿನಗಳಲ್ಲೇ ಆ ಹೆಂಗಸು ಮಗನನ್ನು ಎತ್ತಿಕೊಂಡು ವಾರ್ಡಿಗೆ ಬಂದಳು. ಜ್ವರ ಬಂದು ಒಂದು ದಿನವೂ ಆಗಿರಲಿಲ್ಲ. ಅವಳು ಬಾಗಿಲಲ್ಲಿರುವಾಗಲೇ ನಾನು ಮೇಜು ಬಿಟ್ಟು ಎದ್ದಿದ್ದೆ. ಬಸ್ಸಿನಲ್ಲಿ ಕೇಳಿದ ಅದೇ ಉಸಿರು, ಈಗ ಹುಡುಗನ ಗಂಟಲಿನಿಂದ. ಬೇಗ ತಂದದ್ದರಿಂದ ಸೀರಂ ಹಿಡಿಯಿತು. ಆಮೇಲಿನ ದಿನಗಳನ್ನು ಹೇಗೆ ಕಳೆದೆವೋ, ಹುಡುಗ ಕೊನೆಗೆ ಗಂಜಿ ನುಂಗಿದ.

ಅವತ್ತು ತಾಯಿಯ ಮುಖ ಅರಳಿತ್ತು. ಲೋಟ ತೊಳೆದಿಡುತ್ತಾ ಕೇಳಿದಳು: "ಅಕ್ಕ, ನಿಮ್ ಮಗೀಗೆ ವಾಸಿಯಾಯ್ತಾ?"

"ಯಾವ ಮಗು?"

"ಅವತ್ತು ಬಸ್ನಾಗೆ ನಿಮ್ ತೊಡೆ ಮ್ಯಾಲೆ ಇತ್ತಲ್ಲಕ್ಕ, ಹೆಣ್ಮಗು. ಹಿಂಗೇ ಉಸ್ರು ಎಳ್ಕಂತಿತ್ತು. ನನ್ ಮಗನ್ನೇ ನೋಡ್ತಿತ್ತು. ಅದ್ಕೇ ನಾನು ಹೆದ್ರಿ ಹಿಂದಕ್ಕೆ ಹೋಗಿದ್ದು. ಇವನಿಗೆ ಹಂಗೇ ಸದ್ದು ಬಂದಾಗ ನಿಮ್ ಮಾತು ಗೆಪ್ತಿಗೆ ಬಂದು ಓಡಿ ಬಂದೆ. ಕೆಂಪು ಲಂಗ..."

"ಸಾಕು, ಹೇಳ್ಬೇಡ" ಎಂದೆ. ಅವಳು ಗಾಬರಿಯಾದಳು. ನನ್ನ ಮಗು ಹೋಗಿಬಿಟ್ಟಿತೆಂದು ತಿಳಿದುಕೊಂಡಿರಬೇಕು, ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ತಿದ್ದಲಿಲ್ಲ.

ಆಮೇಲೆ ಹುಡುಗನ ಮಂಚದ ಹತ್ತಿರ ಹೋದೆ. ಅಷ್ಟು ದೊಡ್ಡ ಮಂಚದಲ್ಲಿ ಅವನು ಗೋಡೆಗೆ ಒತ್ತಿಕೊಂಡು, ಒಂದೇ ಅಂಚಿನಲ್ಲಿ ಮಲಗಿದ್ದ. ಎತ್ತಿ ನಡುವೆ ಮಲಗಿಸಿದೆ. ಇನ್ನೊಂದು ಮಗುವಿಗೆ ಔಷಧಿ ಕೊಟ್ಟು ಬರುವಷ್ಟರಲ್ಲಿ ಮತ್ತೆ ಗೋಡೆಯ ಪಕ್ಕಕ್ಕೆ ಸರಿದಿದ್ದ. ಪಕ್ಕದಲ್ಲಿ ಒಂದು ಮಗು ಮಲಗುವಷ್ಟು ಜಾಗ ಖಾಲಿ. ಅವನು ಮನೆಗೆ ಹೋಗುವವರೆಗೂ ನಾನು ಒಂದಲ್ಲ ಒಂದು ನೆಪ ಹೇಳಿ ಆ ಜಾಗದಲ್ಲಿ ಕೂತಿರುತ್ತಿದ್ದೆ.

ಎಂಬತ್ತರ ದಶಕದಲ್ಲಿ ನನಗೆ ಅಜ್ಜಂಪುರದಲ್ಲಿ ಕೆಲಸವಾಯಿತು. ಚುಚ್ಚುಮದ್ದು ಎಲ್ಲ ಕಡೆ ಹಬ್ಬಿ ಗಂಟಲುಮಾರಿ ಅಪರೂಪವಾಯಿತು. ಇದನ್ನು ನಾನು ಹೇಳಿದ್ದು ಒಬ್ಬ ಡಾಕ್ಟರಿಗೆ ಮಾತ್ರ. ಆ ಬೇಸಿಗೆ ಸುತ್ತಿನ ಹಳ್ಳಿಗಳಲ್ಲೆಲ್ಲ ಕಾಯಿಲೆ ಇತ್ತು, ಹುಡುಗನಿಗೆ ಎಲ್ಲಿಂದಲಾದರೂ ಅಂಟಿರಬಹುದು, ನೀವು ದಣಿದಿದ್ದಿರಿ, ಏನೋ ಕೇಳಿಸಿದೆ ಎಂದರು. ನನ್ನ ಕಿವಿಯ ಮಟ್ಟಿಗೆ ಒಪ್ಪಬಹುದು. ಆದರೆ ಆ ಹೆಂಗಸು ಕಣ್ಣಾರೆ ಕಂಡದ್ದಕ್ಕೆ ಆ ವಿವರಣೆ ಸಾಲದು.

ಹುಡುಗ ಬದುಕಿದ್ದು ನಿಜ. ಪಾರ್ವತಿಯೇ ಉಳಿಸಿದಳೆಂದು ಸಮಾಧಾನ ಮಾಡಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ಆದರೆ ಅವಳು ಅವನನ್ನೇ ನೋಡುತ್ತಿದ್ದಳಂತೆ. ಎಚ್ಚರಿಸಲು ನೋಡುತ್ತಿದ್ದಳೋ, ಜೊತೆಗೆ ಕರೆದೊಯ್ಯಲು ನೋಡುತ್ತಿದ್ದಳೋ, ನನಗೆ ಇವತ್ತಿಗೂ ತಿಳಿಯದು.